ಜುಮ್ ಅನ್ನುತ್ತೆ ಸಾರ್

ಅಂಗಡಿಯ ಬಣ್ಣದ ನೀರು ಹಲ್ಲಿಗೆ ಕೇಡು ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಬಿಗಿಯುತ್ತಿದ್ದ ದೈಹಿಕ ಶಿಕ್ಷಕ ನಾನು. ಹುಡುಗರ ಕೋಲಾ ಬಾಟಲಿ ಕಿತ್ತು ಚರಂಡಿಗೆ ಸುರಿದದ್ದೂ ಉಂಟು. ಖೋ-ಖೋ ತಂಡದವರೆಲ್ಲ ಮನೆಯಿಂದ ನಿಂಬೆ ಪಾನಕ ತರಬೇಕು, ಅಭ್ಯಾಸ ಮುಗಿಯುವ ತನಕ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು ಎಂದು ಕಟ್ಟಪ್ಪಣೆ ಮಾಡಿದ್ದೆ. ಮಕ್ಕಳು ಬಿಸಿಲಿಗೆ ಬಳಲಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಆಟ ಮುಗಿದ ಕೂಡಲೇ ನಲ್ಲಿಯ ಹತ್ತಿರ ಸಾಲಾಗಿ ನಿಂತು ಹಲ್ಲುಜ್ಜಬೇಕು, ಅದೂ ನನ್ನದೇ ನಿಯಮ. "ಗಟ್ಟಿಯಾಗಿ ಉಜ್ಜಿ" ಎಂದು ಹಿಂದಿನಿಂದ ಕೂಗುತ್ತಿದ್ದೆ.

ಎಂಟನೇ ತರಗತಿಯ ಒಬ್ಬ ಹುಡುಗಿ ಒಂದು ದಿನ, "ತಣ್ಣೀರು ತಾಗಿದ್ರೆ ಹಲ್ಲು ಜುಮ್ ಅನ್ನುತ್ತೆ ಸಾರ್" ಅಂದಳು. "ಓಡೋಕೆ ಸೋಮಾರಿತನ, ನೆಪ ಮಾತ್ರ ಹಲ್ಲಿಂದು" ಅಂದುಬಿಟ್ಟೆ, ಎಲ್ಲರ ಎದುರಿಗೇ. ಉಳಿದವರು ನಕ್ಕರು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಪಾನಕ ಮಾತ್ರ ತಪ್ಪದೆ ತರುತ್ತಿದ್ದಳು.

ಶಾಲೆಯಲ್ಲಿ ದಂತ ತಪಾಸಣೆ ನಡೆದ ದಿನ ವೈದ್ಯೆ ನನ್ನನ್ನು ಕರೆದು ಅವಳ ಬಾಯಿಗೆ ಟಾರ್ಚ್ ಹಿಡಿದರು. ಮೇಲಿನ ಮುಂಬಲ್ಲುಗಳ ಅಂಚು ಗಾಜಿನ ಹಾಗೆ ತೆಳುವಾಗಿ, ಬೆಳಕು ಆಚೆ ಹಾಯುತ್ತಿತ್ತು. ದವಡೆ ಹಲ್ಲಿನ ಉಬ್ಬುಗಳ ನೆತ್ತಿಯಲ್ಲಿ ಪುಟ್ಟ ಗುಳಿ, ಅದರ ತಳದಲ್ಲಿ ಹಳದಿ. "ಇದು ಹುಳುಕಲ್ಲ, ಸವಕಳಿ. ಏನಮ್ಮಾ ಕುಡೀತೀಯಾ?" ಎಂದು ಕೇಳಿದರು. ಅವಳು ಉತ್ತರಿಸುವ ಮೊದಲು ನನ್ನ ಮುಖ ನೋಡಿದಳು. ಆ ನೋಟವನ್ನು ಎದುರಿಸಲಾಗಲಿಲ್ಲ. ಪಾನಕ ನಾನು ಹೇಳಿ ತರಿಸಿದ್ದು ಎಂದು ನಾನೇ ಹೇಳಿದೆ.

ವೈದ್ಯೆ ಬೈಯಲಿಲ್ಲ, ಕೂರಿಸಿ ತಿಳಿಸಿದರು. ಹುಳುಕಿನಲ್ಲಿ ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸುತ್ತದೆ. ಸವಕಳಿಯಲ್ಲಿ ತಿಂದ, ಕುಡಿದ ಹುಳಿಯೇ ನೇರವಾಗಿ ಹಲ್ಲನ್ನು ಕರಗಿಸುತ್ತದೆ. ಎನಾಮೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಅದು ಕರಗತೊಡಗುತ್ತದೆ. ನಿಂಬೆರಸದ್ದು 2ರಿಂದ 2.5ರ ಆಸುಪಾಸು. ನಾನು ಚರಂಡಿಗೆ ಸುರಿದ ಕೋಲಾದ್ದೂ ಹೆಚ್ಚುಕಡಿಮೆ ಅಷ್ಟೇ! ಹುಳಿಯನ್ನು ತಗ್ಗಿಸಿ, ಕ್ಯಾಲ್ಸಿಯಂ ಮರಳಿಸುವುದು ಜೊಲ್ಲಿನ ಕೆಲಸ. ಓಡಿ ಬಾಯಿ ಒಣಗಿದ ಮಕ್ಕಳಲ್ಲಿ ಅದೇ ಕಡಿಮೆ. ಒಂದೇ ಸಲ ಕುಡಿದು ಮುಗಿಸಿದ್ದರೆ ಹಲ್ಲು ಸುಧಾರಿಸಿಕೊಳ್ಳುತ್ತಿತ್ತೇನೋ, ನಾನು ಗುಟುಕಿಗೊಮ್ಮೆ ಹುಳಿ ಹಾಕಿಸಿದೆ. ಮೆತ್ತಗಾದ ಪದರವನ್ನು ಆ ಕೂಡಲೇ ಬ್ರಷ್‌ನಿಂದ ತಿಕ್ಕಿಸಿದೆ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಮೂಡುವಷ್ಟರಲ್ಲಿ ಇಲ್ಲವಾಗುತ್ತವೆ. ಹೋದ ಪದರ ಮತ್ತೆ ಬೆಳೆಯುವುದಿಲ್ಲ.

"ನಾವು ಹುಣಸೆಕಾಯಿ, ಮಾವಿನಕಾಯಿ ತಿಂದೇ ಬೆಳೆದವರಲ್ವಾ ಸಾರ್?" ಎಂದು ಪೋಷಕರು ಕೇಳುತ್ತಾರೆ. ತಿಂದೆವು, ನಿಜ. ಕಾಯಿಯ ಕಾಲ ಮುಗಿದರೆ ಅದೂ ಮುಗಿಯುತ್ತಿತ್ತು. ಈಗ ಹುಳಿ ಬಾಟಲಿಯಲ್ಲಿ ತುಂಬಿ ವರ್ಷವಿಡೀ ಜೊತೆಗಿರುತ್ತದೆ.

ಈಗ ಅಭ್ಯಾಸಕ್ಕೆ ಬರೀ ನೀರು. ಪಾನಕ ಬೇಕೆಂದವರು ಊಟದ ಜೊತೆ ಕುಡಿದು ಬಾಯಿ ಮುಕ್ಕಳಿಸುತ್ತಾರೆ. ಬ್ರಷ್ ಮುಟ್ಟುವುದು ಒಂದು ಗಂಟೆಯ ನಂತರ, ಮೆತ್ತನೆಯದು, ಫ್ಲೋರೈಡ್ ಪೇಸ್ಟ್ ಹಚ್ಚಿ. ಆ ಹುಡುಗಿಯ ಹಲ್ಲಿಗೆ ಫ್ಲೋರೈಡ್ ಲೇಪ ಹಾಕಿದ್ದಾರೆ. ತಂಡದ ಎದುರಿಗೇ ಅವಳ ಕ್ಷಮೆ ಕೇಳಿದೆ. "ಪರವಾಗಿಲ್ಲ ಸಾರ್" ಅಂದಳು. ನೋವು ಅಂದವರ ಹೆಸರು ಬರೆಯಲು ಹಾಜರಿ ಪುಸ್ತಕದಲ್ಲಿ ಒಂದು ಕಾಲಂ ಎಳೆದಿದ್ದೇನೆ. ಯಾವ ಹಲ್ಲು, ಯಾವಾಗಿನಿಂದ ಎಂದು ಕೇಳದೆ ಯಾರನ್ನೂ ಅಂಕಣಕ್ಕೆ ಇಳಿಸುವುದಿಲ್ಲ.