ಬಾವಿಗೆ ಬಿದ್ದ ಬಿಂದಿಗೆ

ರೇಡ್ ಇದ್ದರೆ ಬ್ಯಾಕಪ್ ಇದ್ದ ಹಾಗಲ್ಲ. ನಮ್ಮ ಫೀಲ್ಡಿನಲ್ಲಿ ಎಲ್ಲರೂ ಹೇಳುವ, ಡಿಸ್ಕ್ ಕೈಕೊಡುವವರೆಗೆ ಯಾರೂ ಕಿವಿಗೆ ಹಾಕಿಕೊಳ್ಳದ ಮಾತು ಇದು.

ದುಬಾರಿ ಡಿಸ್ಕ್ ಒಂದರ ಬದಲು ಅಗ್ಗದ ಡಿಸ್ಕುಗಳ ಗುಂಪು ಕಟ್ಟಿ ಅನ್ನುವ ಪ್ರಬಂಧವನ್ನು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಪ್ರಕಟಿಸಿದ್ದು 1988ರಲ್ಲಿ. ರೇಡ್ 5ರ ಗುಟ್ಟು ಸರಳ. 7, 5, 9 ಅಂತ ಮೂರು ಅಂಕಿ ಬರೆದು, ಪಕ್ಕದಲ್ಲಿ ಮೊತ್ತ 21 ಅಂತಲೂ ಬರೆದಿಡಿ. ಯಾವುದೇ ಒಂದು ಅಳಿಸಿಹೋದರೂ ಉಳಿದ ಮೂರರಿಂದ ಲೆಕ್ಕ ಹಾಕಬಹುದು. ಎರಡು ಅಳಿಸಿದರೆ ಮುಗೀತು.

ನಮ್ಮ ಸೋದರಮಾವನ ಸ್ಟುಡಿಯೋದಲ್ಲಿ ಆದದ್ದು ಅದೇ. 4 ಟಿಬಿಯ ನಾಲ್ಕು ಡಿಸ್ಕು, ಅದರಲ್ಲಿ ಆರು ವರ್ಷದ ಮದುವೆ ಫೋಟೋಗಳು. "ಒಂದು ಹೋದ್ರೂ ಏನೂ ಆಗಲ್ಲ ಅಂದಿದ್ರಲ್ಲೋ!" ಅಂತ ಫೋನಿನಲ್ಲಿ ಮಾವನ ಗೋಳು. ಒಂದು ಹೋಗಿ ಆಗಲೇ ಮೂರು ತಿಂಗಳಾಗಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಆವತ್ತು ಹೋಗಿದ್ದು ಎರಡನೆಯದು. ಆಲ್ಬಂಗೆ ಕಾಯುತ್ತಿದ್ದ ಮನೆಯೊಂದರಲ್ಲಿ, ಧಾರೆ ಎರೆದುಕೊಟ್ಟ ಅಪ್ಪ ತೀರಿಹೋಗಿದ್ದರು. ಅವರ ಕೊನೆಯ ಫೋಟೋಗಳು ಅದರಲ್ಲೇ ಇದ್ದವು.

ಊರಲ್ಲಿ ಬಿಂದಿಗೆ ಬಾವಿಗೆ ಬಿದ್ದರೆ ಅಜ್ಜಿ ಮೊದಲು ಹೇಳುತ್ತಿದ್ದದ್ದು, "ನೀರು ಕಲಕಬ್ಯಾಡ್ರೋ." ಪಾತಾಳಗರಡಿ ಇಳಿಸುವುದು ಆಮೇಲೆ. ಡಿಸ್ಕಿಗೂ ಅದೇ ನಿಯಮ. "ಮಾವ, ಮಷೀನ್ ಆಫ್ ಮಾಡಿ, ಏನೂ ಮುಟ್ಟಬೇಡಿ" ಅಂದೆ.

ಹೊಸ ಡಿಸ್ಕು ತಂದು, ಡಿಡಿರೆಸ್ಕ್ಯೂನಿಂದ ಒಂದೊಂದನ್ನೂ ನಕಲು ಮಾಡಿದೆ. ಅದು ಮೊದಲು ಸಲೀಸಾಗಿ ಓದುವ ಜಾಗ ಮುಗಿಸಿ, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಎರಡು ರಾತ್ರಿ ಹಿಡಿಯಿತು. ಮುಂದಿನ ಕೆಲಸವೆಲ್ಲ ನಕಲುಗಳ ಮೇಲೆ.

ಲಿನಕ್ಸಿನ ಎಂಡಿಎಡಿಎಂ ಪ್ರತಿ ಡಿಸ್ಕಿನಲ್ಲೂ 'ಈವೆಂಟ್ಸ್' ಅಂತ ಒಂದು ಎಣಿಕೆ ಇಟ್ಟಿರುತ್ತದೆ, ಹಾಜರಿ ಪುಸ್ತಕದ ಥರ. ಎರಡು ಡಿಸ್ಕಿನ ಎಣಿಕೆ ಒಂದೇ, ಮೂರನೆಯದು ಸ್ವಲ್ಪವೇ ಹಿಂದೆ, ನಾಲ್ಕನೆಯದು ಬಹಳ ಹಿಂದೆ. ಮೂರು ತಿಂಗಳ ಕೆಳಗೆ ಸತ್ತದ್ದು ಯಾವುದು ಅಂತ ಅಲ್ಲೇ ಗೊತ್ತಾಯಿತು. ಅದನ್ನು ಪಕ್ಕಕ್ಕಿಟ್ಟು, ಉಳಿದ ಮೂರನ್ನು 'ಅಸೆಂಬಲ್', 'ಫೋರ್ಸ್' ಹಾಕಿ ಜೋಡಿಸಿದೆ. ನೆಟ್ಟಿನಲ್ಲಿ ಸಿಗುವ 'ಕ್ರಿಯೇಟ್' ಸಲಹೆಯ ತಂಟೆಗೆ ಹೋಗಲಿಲ್ಲ. ಅದು ಹಳೆಯ ಗುರುತನ್ನು ಅಳಿಸಿ ಬರೆಯುತ್ತದೆ, ಡಿಸ್ಕಿನ ಕ್ರಮ ತಪ್ಪಿದರೆ ಡೇಟಾವನ್ನೂ ಹಾಳುಮಾಡುತ್ತದೆ. ಕೊನೆಗೆ, ಬರೆಯಲಾಗದಂತೆ ರೀಡ್-ಓನ್ಲಿಯಾಗಿ ಮೌಂಟ್ ಮಾಡಿದೆ.

ಫೋಲ್ಡರುಗಳು ಬಂದವು. ಕೆಲವು ಫೋಟೋಗಳ ಕೆಳಗಿನ ಅರ್ಧ ಬರೀ ಬೂದು. ಧಾರೆಯ ಫೋಟೋಗಳಲ್ಲೂ ಎರಡು ಹಾಗೇ ಇವೆ, ಉಳಿದವು ಚೆನ್ನಾಗಿವೆ.

ಈಗ ಡಿಸ್ಕು ಗುಂಪಿನಿಂದ ಬಿದ್ದರೆ ಮಾವನಿಗೆ ಮೇಲ್ ಬರುತ್ತದೆ. ಎಂಡಿಎಡಿಎಂನ ಸೆಟ್ಟಿಂಗ್ ಫೈಲಿನಲ್ಲಿ ಅದಕ್ಕೆ ಬೇಕಿದ್ದದ್ದು ಒಂದೇ ಸಾಲು. ಪ್ರತಿ ಭಾನುವಾರ ಒಂದು ಪ್ರತಿ ಹೊರಗಿನ ಡಿಸ್ಕಿಗೆ ಹೋಗುತ್ತದೆ, ಆ ಡಿಸ್ಕು ಸ್ಟುಡಿಯೋದಲ್ಲಿ ಇರುವುದಿಲ್ಲ, ಮನೆಯ ಬೀರುವಿನಲ್ಲಿರುತ್ತದೆ. ನಿಮ್ಮದು ಎಲ್ಲಿದೆ?