ಡೇರೆಯ ಕಾಲ

ಎರಡು ಹದ ಮಳೆ ಬಿದ್ದರೆ ಸಾಕು, ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಹೆಂಗಸರ ಮಾತು ತಾನಾಗಿ ಡೇರೆಗೆ ಹೊರಳುತ್ತದೆ. ಅಡಕೆಯ ದರ, ಮಕ್ಕಳ ಓದು ಎಲ್ಲ ಆಮೇಲೆ. "ನಿಮ್ಮನೇದು ಚಿಗುರಿತೇನೆ?" ಎಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ. ನನಗಂತೂ ಜೂನ್‌ನಿಂದ ಚೌತಿಯವರೆಗೆ ಬೆಳಗಿನ ಮೊದಲ ಕೆಲಸ ಅಂಗಳದ್ದೇ.

ಡೇರೆ ಮೆಕ್ಸಿಕೋದ ಗುಡ್ಡಗಾಡಿನ ಗಿಡ. 1963ರಿಂದ ಆ ದೇಶದ ರಾಷ್ಟ್ರಪುಷ್ಪವೂ ಹೌದು. ಅಲ್ಲಿಯೂ ಅದು ಮಳೆಗಾಲದಲ್ಲೇ ಅರಳುವುದರಿಂದ ಇರಬೇಕು, ನಮ್ಮಲ್ಲಿಗೆ ಬಂದಾಗ ಹೊತ್ತು-ಗೊತ್ತು ತಪ್ಪಲಿಲ್ಲ. ಆದರೆ ಆಷಾಢದ ನಮ್ಮ ಜಡಿಮಳೆ ಅದಕ್ಕೆ ತೀರಾ ಹೆಚ್ಚು. ಮಲೆನಾಡಿನಲ್ಲಿ ಡೇರೆ ಸಾಕುವುದೆಂದರೆ ಮುಖ್ಯವಾಗಿ ನೀರನ್ನು ಹೊರಗೆ ಕಳಿಸುವ ವಿದ್ಯೆ. ಕೆಮ್ಮಣ್ಣಿಗೆ ಮರಳು ಬೆರೆಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ತೂತು ಮಾಡಿದ ಸಿಮೆಂಟ್ ಚೀಲಕ್ಕೋ ಪ್ಲಾಸ್ಟಿಕ್ ಕೊಟ್ಟೆಗೋ ತುಂಬುತ್ತೇವೆ. ಮಳೆ ಜೋರಾದರೆ ಸೂರಿನಡಿಗೆ ಎಳೆದುಕೊಳ್ಳಬಹುದು. ದಂಟು ಟೊಳ್ಳು; ಕೊಯ್ದ ತುದಿಯಿಂದ ನೀರು ಒಳಗಿಳಿದರೆ ಬುಡದವರೆಗೆ ಕೊಳೆಯುತ್ತದೆ. ಆದ್ದರಿಂದ ಗೆಣ್ಣಿನ ಹತ್ತಿರವೇ ಓರೆಯಾಗಿ ಕೊಯ್ಯಬೇಕು.

ಗಡ್ಡೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಗೆಣಸಿನಂತೆ ಮೈದುಂಬಿಕೊಂಡಿದ್ದರೂ ಅದರ ಮೈಯಲ್ಲೆಲ್ಲೂ ಕಣ್ಣಿಲ್ಲ. ಹಳೆಯ ದಂಟಿಗೆ ಅಂಟಿಕೊಂಡ ಕುತ್ತಿಗೆಯ ಭಾಗದಲ್ಲಿ ಮಾತ್ರ ಸಾಸಿವೆಯಷ್ಟು ಉಬ್ಬು ಕಾಣುತ್ತದೆ. ಚಿಗುರುವುದು ಅಲ್ಲಿಂದಲೇ. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪವಿದ್ದರೇನು, ಮಣ್ಣಲ್ಲಿ ಸುಮ್ಮನೆ ಮಲಗಿರುತ್ತದೆ.

ಮೂರ್ನಾಲ್ಕು ಜೊತೆ ಎಲೆ ಬಂದಾಗ ನಡುವಿನ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಗೂಟ ನೆಟ್ಟು ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟುತ್ತೇನೆ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಸರಿ. ಮೊಗ್ಗು ಸಾಮಾನ್ಯವಾಗಿ ಮೂರರ ಗುಂಪಿನಲ್ಲಿ ಬರುತ್ತದೆ. ಅಕ್ಕಪಕ್ಕದ ಎರಡನ್ನು ಬಟಾಣಿಯಷ್ಟಿರುವಾಗಲೇ ತೆಗೆದರೆ ನಡುವಿನದು ಅಂಗೈ ತುಂಬುವ ಹೂವಾಗುತ್ತದೆ. ಒಂದು ಹೂವೆಂದು ನಾವು ಮುಡಿಯುವುದು ನಿಜಕ್ಕೂ ಹತ್ತಾರು ಕಿರುಹೂಗಳ ಸಮೂಹ. ಒಂದೊಂದು ಎಸಳೂ ಒಂದೊಂದು ಹೂವು. ರಾತ್ರಿಯ ಮಳೆ ಆ ಎಸಳುಗಳ ನಡುವೆ ನಿಂತು ಹೂವು ತಲೆ ಬಾಗಿಸಿರುತ್ತದೆ. ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿದರೆ ನೀರು ಬಸಿದು, ದಂಟು ತಾನೇ ಮೇಲೇಳುತ್ತದೆ. ಬೆಳಗಿನ ಕೆಲಸಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಡೇರೆಗೆ ಬೀಜವಾಗುತ್ತದೆ, ಆದರೆ ನಂಬುವಂತಿಲ್ಲ. ನಮ್ಮಲ್ಲಿ ವರ್ಣತಂತುಗಳ ಎರಡು ಕಟ್ಟುಗಳಿದ್ದರೆ ಇಂದಿನ ಡೇರೆಯಲ್ಲಿ ಎಂಟು. ಬೀಜ ಕಟ್ಟುವಾಗ ಅವು ಹೊಸದಾಗಿ ಕಲೆಯುವುದರಿಂದ ಕೆಂಪು ಹೂವಿನ ಬೀಜದಿಂದ ಏನು ಹುಟ್ಟೀತೆಂದು ಹೇಳಲಾಗದು. ಅದೇ ಬಣ್ಣ, ಅದೇ ಎಸಳು ಬೇಕೆಂದರೆ ಗಡ್ಡೆಯೇ ಬೇಕು, ಇಲ್ಲವೆ ಬುಡದಿಂದ ಬಿಡಿಸಿದ ನಾಲ್ಕು ಬೆರಳುದ್ದದ ಹಿಳ್ಳು. ಹಾಗಾಗಿ ಡೇರೆಯನ್ನು ತನ್ನದೆಂದು ಬಚ್ಚಿಟ್ಟುಕೊಂಡವರ ಮನೆಯಲ್ಲಿ ಅದು ಹೆಚ್ಚು ಕಾಲ ಬಾಳುವುದಿಲ್ಲ. ಮಳೆ ವಿಪರೀತವಾದ ವರ್ಷ ಒಂದು ಅಂಗಳದ ಗಡ್ಡೆ ಪೂರ್ತಿ ಕೊಳೆತುಹೋದರೂ, ಅದೇ ತಳಿ ನಾಲ್ಕು ಮನೆಯಾಚೆ ಕೊಟ್ಟಿದ್ದಲ್ಲಿ ಉಳಿದಿರುತ್ತದೆ. ಅಮ್ಮ ಬೆಳೆಸಿದ್ದ ನೇರಳೆ ಬಣ್ಣದ ಡೇರೆ ನನಗೆ ಮರಳಿ ಸಿಕ್ಕಿದ್ದು ಅವಳೇ ಹಿಂದೆಂದೋ ಹಿಳ್ಳು ಕೊಟ್ಟಿದ್ದ ಅತ್ತಿಗೆಯ ಹಿತ್ತಲಲ್ಲಿ. ಕೇಳಿದ್ದಕ್ಕೆ, "ನಿಮ್ಮನೇದೇ ಅಲ್ದೇನೇ, ತಗಂಡು ಹೋಗು" ಎಂದು ಮಣ್ಣು ಸಮೇತ ಕಿತ್ತು ಕೊಟ್ಟರು.

ದೀಪಾವಳಿ ದಾಟಿದ ಮೇಲೆ ದಂಟು ಒಣಗುತ್ತದೆ. ನೀರು ನಿಲ್ಲಿಸಿ, ಗಡ್ಡೆ ತೆಗೆದು, ಬೂದಿ ಸವರಿ ಒಣ ಮರಳಿನಲ್ಲಿ ಹುಗಿದಿಡುತ್ತೇನೆ. ಬಣ್ಣ ಬರೆದ ಚೀಟಿ ಕುತ್ತಿಗೆಗೇ ಕಟ್ಟಿರಬೇಕು; ಒಣಗಿದ ಮೇಲೆ ಎಲ್ಲವೂ ಒಂದೇ ಥರ. ಈ ಸಲ ಎರಡು ಚೀಟಿಗಳಲ್ಲಿ ಬಣ್ಣದ ಜೊತೆ ಮನೆಯ ಹೆಸರೂ ಇದೆ. ಸಿದ್ದಾಪುರದ ಚಿಕ್ಕಮ್ಮ ಹಳದಿ ಕೇಳಿದ್ದಾರೆ. ಬದಲಿಗೆ ಅವರಲ್ಲಿರುವ, ಕಪ್ಪೆನ್ನುವಷ್ಟು ಕಡುಗೆಂಪಿನದು ಮೇ ತಿಂಗಳಿಗೆ ಬರಲಿದೆ. ಅದಕ್ಕೆಂದು ಬಾವಿಕಟ್ಟೆಯ ಪಕ್ಕ ಜಾಗ ಬಿಟ್ಟಿದ್ದೇನೆ.