ನದಿಯ ನಡುವೆ ನಿಂತ ಮೋಟಾರು

ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬೆಳಗಿನ ಜಾವ ನಮ್ಮನ್ನು ಮೂಡ್ಲಕಟ್ಟೆಯ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿಸಿತು. ಈ ಸಲ ದೀಪಾವಳಿಗೆ ನಾನು ಊರಿಗೆ ಹೋದದ್ದು ಹಬ್ಬಕ್ಕೆ ಮಾತ್ರ ಆಗಿರಲಿಲ್ಲ. ಕುದ್ರುವಿನ ಮನೆಯಲ್ಲಿ ಇಬ್ಬರೇ ಇರುವ ದೊಡ್ಡಪ್ಪ ದೊಡ್ಡಮ್ಮನನ್ನು ಮುಂಬಯಿಗೋ ಪುಣೆಗೋ ಕರೆತರುವ ಮಾತಾಡಿ ಬಾ ಎಂದು ಪುಣೆಯ ಅಣ್ಣ, ಅಂದರೆ ಅವರ ಮಗ, ನನ್ನನ್ನು ಕಳಿಸಿದ್ದ. ಅವನಿಗೆ ರಜೆ ಸಿಕ್ಕಿರಲಿಲ್ಲ.

ಕುಂದಾಪುರ ಮೂರು ಕಡೆ ನೀರಿರುವ ಊರು. ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ನದಿಗಳು ಇಲ್ಲಿ ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಎದುರು ದಡದ ಗಂಗೊಳ್ಳಿ ಕಣ್ಣಿಗೆ ಕಾಣುತ್ತದೆ. ರಸ್ತೆಯಲ್ಲಿ ಹೋಗಬೇಕೆಂದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಅಂತ ಸುತ್ತಬೇಕು. ನಡುವೆ ನದಿಯಲ್ಲಿ ಹರಡಿಕೊಂಡಿರುವ ದ್ವೀಪಗಳೇ ಕುದ್ರುಗಳು. ಯಕ್ಷಗಾನ ಗೊಂಬೆಯಾಟದ ಉಪ್ಪಿನಕುದ್ರು ನಿಮಗೆ ಗೊತ್ತಿರಬಹುದು. ನಮ್ಮದು ಅಷ್ಟು ದೊಡ್ಡದಲ್ಲ, ನಾಲ್ಕು ಮನೆ, ತೆಂಗಿನ ತೋಟ, ಸೇತುವೆಯಿಲ್ಲ. ಮೇಲಕ್ಕೆ ಹೋದರೆ ಬಸರೂರು. 1665ರಲ್ಲಿ ಶಿವಾಜಿ ಮಹಾರಾಜರು ಹಡಗುಗಳಲ್ಲಿ ಬಂದು ದಾಳಿ ಮಾಡಿದ ಬಂದರು ಅದೇ. ಥಾಣೆಯ ಆಫೀಸಿನಲ್ಲಿ ಈ ವಿಷಯ ಹೇಳಿದ ಮೇಲೆ ನನ್ನ ಊರಿಗೆ ಸ್ವಲ್ಪ ಮರ್ಯಾದೆ ಬಂದಿದೆ!

ದೊಡ್ಡಪ್ಪ ಮಝಗಾಂವದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಫಿಟ್ಟರ್ ಆಗಿದ್ದವರು. ನಿವೃತ್ತರಾಗಿ ಊರಿಗೆ ಬರುವಾಗ ಚೋರ್ ಬಜಾರಿನಿಂದ ಒಂದು ಹಳೇ ಔಟ್‌ಬೋರ್ಡ್ ಮೋಟಾರು ತಂದಿದ್ದರು. ಬ್ರಿಟಿಷ್ ಸೀಗಲ್ ಅಂತ ಹೆಸರು. ಇಂಗ್ಲೆಂಡಿನ ಪೂಲ್ ಎಂಬ ಊರಿನಲ್ಲಿ ತಯಾರಾಗುತ್ತಿತ್ತಂತೆ. ಎರಡನೇ ಮಹಾಯುದ್ಧದಲ್ಲಿ ಅವರ ಸೈನ್ಯಕ್ಕೂ ಇಂಥವನ್ನು ಮಾಡಿಕೊಟ್ಟಿದ್ದರು. 1996ರಲ್ಲಿ ತಯಾರಿಕೆ ನಿಂತುಹೋಯಿತು. ಇದಕ್ಕೆ ಮೇಲ್ಮುಚ್ಚಳವೇ ಇಲ್ಲ. ಸಿಲಿಂಡರು, ಪ್ಲಗ್ಗು, ಕಾರ್ಬ್ಯುರೇಟರು, ಮೇಲೆ ಹಿತ್ತಾಳೆಯ ಟ್ಯಾಂಕು, ಎಲ್ಲ ಹೊರಗೇ ಕಾಣುತ್ತದೆ. ಫ್ಲೈವೀಲಿಗೆ ಗಂಟು ಹಾಕಿದ ಹಗ್ಗ ಸುತ್ತಿ ಎಳೆಯಬೇಕು. ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಕುಡಿದು, ಹಿಂದೆ ನೀಲಿ ಹೊಗೆ ಬಿಟ್ಟು ಹೋಗುವಾಗ ಅದರ ಸದ್ದು ಕೇಳಿಯೇ ದೊಡ್ಡಮ್ಮ ಅನ್ನಕ್ಕೆ ನೀರಿಡುತ್ತಿದ್ದರು.

ಎರಡು ವರ್ಷದ ಹಿಂದೆ ದೊಡ್ಡಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮೋಟಾರು ಕೊಟ್ಟಿಗೆ ಸೇರಿತು. ಈಗ ಡಾಕ್ಟರ ಹತ್ತಿರ ಹೋಗಬೇಕೆಂದರೆ ಪಕ್ಕದ ಮನೆಯ ಹುಡುಗ ಬಿಡುವಾಗಿರಬೇಕು, ಭರತ ಇಳಿತ ನೋಡಬೇಕು, ಹುಟ್ಟು ಹಾಕಿಕೊಂಡು ಮುಕ್ಕಾಲು ಗಂಟೆ ಕೂರಬೇಕು. ಅಣ್ಣನ ವಾದ ಇದೇ. ರಾತ್ರಿ ಹೊತ್ತು ಏನಾದರೂ ಆದರೆ ಏನು ಗತಿ? ನನ್ನ ಹತ್ತಿರವೂ ಉತ್ತರವಿರಲಿಲ್ಲ. ಮಾತು ತೆಗೆಯಲು ಧೈರ್ಯ ಸಾಲದೆ ನಾನು ಮೋಟಾರನ್ನು ಅಂಗಳಕ್ಕೆ ತಂದೆ.

ದೊಡ್ಡಮ್ಮ ಕಾಫಿ ಲೋಟ ಇಡುತ್ತಾ ಕೇಳಿಯೇಬಿಟ್ಟರು: "ನೀ ಎಂತಕ್ ಬಂದದ್ದ್ ಹೇಳ್. ಮೋಟ್ರ್ ರಿಪೇರಿ ಮಾಡುಕಾ, ನಮ್ಮನ್ ಕರ್ಕಂಡ್ ಹೋಪುಕಾ?"

ನಾನು ಪ್ಲಗ್ಗು ಬಿಚ್ಚುತ್ತಿದ್ದೆ. ಉತ್ತರ ಕೊಡಲಿಲ್ಲ.

ನನ್ನ ಇಂಜಿನ್ ಜ್ಞಾನವೆಲ್ಲ ಹಳೇ ಟೂ ಸ್ಟ್ರೋಕ್ ಸ್ಕೂಟರಿನದ್ದು. ಅದನ್ನೇ ಇಲ್ಲಿ ಓಡಿಸಿದೆ. ಟ್ಯಾಂಕಿನಲ್ಲಿದ್ದ ಹಳೇ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು, ಚೆಲ್ಲಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಇಟ್ಟಲ್ಲೇ ಇಟ್ಟರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ, ಹಳೇ ರಬ್ಬರನ್ನೂ ಮೆತ್ತಗೆ ಮಾಡುತ್ತದೆ. ಹಾಗಾಗಿ ಪೈಪು ಬದಲಾಯಿಸಿದೆ. ಕಾರ್ಬ್ಯುರೇಟರಿನ ಬಟ್ಟಲಿನ ಕೆಸರು ತೊಳೆದು, ಜೆಟ್ಟಿನ ತೂತಿಗೆ ಊದಿ ಬೆಳಕಿಗೆ ಹಿಡಿದು ನೋಡಿದೆ. ಪ್ಲಗ್ಗು ಹೊಸದು ಹಾಕಿದೆ. ಜಗಲಿಯ ಕುರ್ಚಿಯಲ್ಲಿ ಕೂತ ದೊಡ್ಡಪ್ಪ ಒಂದನ್ನೂ ಬಿಡದೆ ನೋಡುತ್ತಿದ್ದರು.

ನೀರಿನ ಡ್ರಮ್ಮಿಗೆ ಇಳಿಬಿಟ್ಟು ಎಳೆದೆ. ಆರನೇ ಎಳೆತಕ್ಕೆ ಹೊತ್ತಿಕೊಂಡಿತು. ಟ್ಯಾಂಕಿನ ಮುಚ್ಚಳ ಪಕ್ಕದಲ್ಲಿಟ್ಟು, ಸ್ವಲ್ಪ ಸ್ವಲ್ಪ ಪೆಟ್ರೋಲು ಹಾಕುತ್ತಾ ಹತ್ತು ನಿಮಿಷ ಓಡಿಸಿದೆ. ಎಲ್ಲೂ ತಡವರಿಸಲಿಲ್ಲ. ಗೆದ್ದೆ ಅಂದುಕೊಂಡೆ. ದೊಡ್ಡಪ್ಪ ಮಾತ್ರ ಎಡಗೈ ಎತ್ತಿ ಎರಡು ಬೆರಳಿನಿಂದ ಏನನ್ನೋ ತಿರುಗಿಸುವ ಹಾಗೆ ಮಾಡಿದರು. ಮುಚ್ಚಳ ಬಿಗಿ ಮಾಡು ಅನ್ನುತ್ತಿದ್ದಾರೆ ಅಂತ ಬಿಗಿಯಾಗಿ ತಿರುಗಿಸಿದೆ. ಅವರು ಕಣ್ಣು ಮುಚ್ಚಿಕೊಂಡರು.

ಸಂಜೆ ಮಗಳನ್ನು ಕೂರಿಸಿಕೊಂಡು ನದಿಗಿಳಿದೆ. ನಾಲ್ಕು ನಿಮಿಷ ಆಗಿರಬಹುದು. ಮೋಟಾರು ಒಮ್ಮೆ ಜೋರಾಗಿ ಕೂಗಿ, ಕೆಮ್ಮಿ, ನಿಂತಿತು. ಪೆಟ್ರೋಲು ಇದೆಯಾ ಅಂತ ಮುಚ್ಚಳ ತೆಗೆದೆ, ಮುಕ್ಕಾಲು ಟ್ಯಾಂಕ್ ಇತ್ತು. ಮುಚ್ಚಿ ಎಳೆದೆ, ಹೊತ್ತಿಕೊಂಡಿತು. ಮತ್ತೆ ನಾಲ್ಕು ನಿಮಿಷ. ಬಿಸಿಯಾದಾಗ ನಿಲ್ಲುತ್ತದೆ, ತಣಿದಾಗ ಹೊರಡುತ್ತದೆ, ಇಗ್ನಿಷನ್ ಕಾಯಿಲ್ ಹೋಗಿದೆ ಎಂದು ತೀರ್ಮಾನಿಸಿದೆ. ಮೂರನೇ ಸಲ ನಿಂತಾಗ ನಾನು ಮುಚ್ಚಳ ತೆಗೆಯಲಿಲ್ಲ. ಪೆಟ್ರೋಲು ಇರುವುದು ಗೊತ್ತಿತ್ತಲ್ಲ. ಹಗ್ಗ ಎಳೆದು ಎಳೆದು ಅಂಗೈ ಸುಲಿಯಿತು, ಮೋಟಾರು ಉಸಿರೆತ್ತಲಿಲ್ಲ. ಇಳಿತ ಶುರುವಾಗಿತ್ತು. ದೋಣಿ ತಾನೇ ಅಳಿವೆಯ ಕಡೆ ಜಾರತೊಡಗಿತು. ಲೈಫ್ ಜಾಕೆಟ್ ಹಾಕಿಕೊಂಡಿದ್ದರೂ ಮಗಳು ದೋಣಿಯ ಅಂಚು ಗಟ್ಟಿಯಾಗಿ ಹಿಡಿದು, "ಅಪ್ಪಾ, ಸಮುದ್ರಕ್ಕೆ ಹೋಗ್ತೀವಾ?" ಅಂದಳು. ಇಲ್ಲ ಅಂದೆ. ನನ್ನ ಸ್ವರ ನನಗೇ ಸರಿ ಕೇಳಲಿಲ್ಲ. ಹುಟ್ಟು ಹಾಕಿ ಕುದ್ರು ಮುಟ್ಟುವಾಗ ಕತ್ತಲಾಗಿತ್ತು.

ಮರುದಿನ ಗಂಗೊಳ್ಳಿಗೆ ಹೋಗಿ ನಾಡದೋಣಿಗಳ ಮೋಟಾರು ರಿಪೇರಿ ಮಾಡುವವರೊಬ್ಬರನ್ನು ಕಂಡೆ. ಅವರ ಕೆಲಸವೆಲ್ಲ ಸೀಮೆಎಣ್ಣೆಯ ಮೋಟಾರುಗಳದ್ದು. ಅವನ್ನು ಪೆಟ್ರೋಲಿನಲ್ಲಿ ಹೊತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನನ್ನ ಕಾಯಿಲ್ ಕಥೆ ಕೇಳಿ ಅವರು ಒಂದೇ ಮಾತು ಹೇಳಿದರು: "ನಿಂತ ಕೂಡ್ಲೇ ಪ್ಲಗ್ ಬಿಚ್ಚಿ ಕಾಣಿ. ಕಿಡಿ ಇದ್ರೆ ಕಾಯಿಲ್ ಮುಟ್ಬೇಡಿ. ಪ್ಲಗ್ ಒಣಗಿದ್ರೆ ಪೆಟ್ರೋಲ್ ಬತ್ತಿಲ್ಲ ಅಂತ ಲೆಕ್ಕ."

ಮನೆಯ ಮುಂದೆಯೇ ದೋಣಿಯನ್ನು ತೆಂಗಿನ ಮರಕ್ಕೆ ಕಟ್ಟಿ ಮೋಟಾರು ಓಡಿಸಿದೆ. ನಿಂತಿತು. ಪ್ಲಗ್ಗು ಬಿಚ್ಚಿ, ಪೆಟ್ರೋಲಿನಿಂದ ದೂರ ಹಿಡಿದು, ಸಿಲಿಂಡರಿನ ಮೈಗೆ ತಾಗಿಸಿ ಹಗ್ಗ ಎಳೆದರೆ ಕಿಡಿ ಚೆನ್ನಾಗಿತ್ತು. ಪ್ಲಗ್ಗಿನ ತುದಿ ಒಣಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಕೆಳಗೆ ಬರುತ್ತಿಲ್ಲ.

ಜಗಲಿಯಲ್ಲಿ ದೊಡ್ಡಪ್ಪ ಮತ್ತೆ ಬೆರಳು ತಿರುಗಿಸಿದರು. ಈ ಸಲ ಕೆನ್ನೆ ಉಬ್ಬಿಸಿ ಫೂ ಎಂದು ಗಾಳಿಯನ್ನೂ ಬಿಟ್ಟರು. ದೊಡ್ಡಮ್ಮ ಒಳಗಿನಿಂದಲೇ ಹೇಳಿದರು: "ಉಸ್ರ್ ಕಟ್ತ್ ಅಂತಿದ್ರ್ ಕಾಣ್."

ಮುಚ್ಚಳ ಒರೆಸಿ ನೋಡಿದೆ. ನಟ್ಟ ನಡುವೆ ಒಂದು ಪುಟ್ಟ ತಿರುಪು, ಉಪ್ಪುಗಾಳಿಗೆ ಹಸಿರು ಹಿಡಿದು ಮುಚ್ಚಳದ ಜೊತೆ ಒಂದಾಗಿಹೋಗಿತ್ತು. ಅದು ಗಾಳಿಯ ತಿರುಪು. ಮೋಟಾರು ಮಲಗಿಸಿ ಇಡುವಾಗ ಪೆಟ್ರೋಲು ಸೋರದಂತೆ ಅದನ್ನು ಮುಚ್ಚಬೇಕು, ಓಡಿಸುವಾಗ ಸಡಿಲಿಸಬೇಕು. ಕೊಟ್ಟಿಗೆಗೆ ಸೇರಿಸಿದವರು ಸರಿಯಾಗಿಯೇ ಮುಚ್ಚಿದ್ದರು. ತೆರೆಯಬೇಕಾದವನು ನಾನು. ಈ ಮೋಟಾರಿಗೆ ಪೆಟ್ರೋಲು ತಂತಾನೇ ಕೆಳಗಿಳಿದು ಬರಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ, ಗಾಳಿಗೆ ಇನ್ನೊಂದು ತೂತು ಬೇಕು. ಇಲ್ಲಿಯೂ ಅಷ್ಟೇ.

ಡ್ರಮ್ಮಿನಲ್ಲಿ ಅದು ಯಾಕೆ ಓಡಿತು ಅನ್ನುವುದೂ ಈಗ ತಿಳಿಯಿತು. ಆಗ ಮುಚ್ಚಳವೇ ಇರಲಿಲ್ಲ. ನದಿಯಲ್ಲಿ ಎರಡು ಸಲ ಮತ್ತೆ ಹೊರಟದ್ದು ತಣಿದದ್ದಕ್ಕಲ್ಲ, ಪೆಟ್ರೋಲು ನೋಡಲು ನಾನು ಮುಚ್ಚಳ ತೆಗೆದದ್ದಕ್ಕೆ. ತೆಗೆದಾಗಲೆಲ್ಲ ಗಾಳಿ ಒಳಗೆ ಹೋಗುತ್ತಿತ್ತು. ನಾನು ಇಣುಕಿ, ಇದೆ ಬಿಡು ಅಂತ ಮುಚ್ಚುತ್ತಿದ್ದೆ. ನಾಲ್ಕು ನಿಮಿಷಕ್ಕೆ ಸಾಕಾಗುವಷ್ಟು ಉಸಿರು.

ತಿರುಪಿಗೆ ಎಣ್ಣೆ ಬಿಟ್ಟು, ಸಂಜೆಯ ಹೊತ್ತಿಗೆ ಇಕ್ಕಳದಲ್ಲಿ ಬಿಡಿಸಿದೆ. ಮರುದಿನ ಬೆಳಿಗ್ಗೆ ಭರತದ ಹೊತ್ತು ನೋಡಿ, ದೊಡ್ಡಪ್ಪನಿಗೆ ಜಾಕೆಟ್ ತೊಡಿಸಿ, ಪ್ಲಾಸ್ಟಿಕ್ ಕುರ್ಚಿ ಸಮೇತ ದೋಣಿಯಲ್ಲಿ ಕೂರಿಸಿ ಕುಂದಾಪುರಕ್ಕೆ ಹೊರಟೆವು. ಹದಿನೈದು ನಿಮಿಷ, ಎಲ್ಲೂ ನಿಲ್ಲಲಿಲ್ಲ. ದೊಡ್ಡಪ್ಪ ಎಡಗೈಯನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡೇ ಕೂತಿದ್ದರು.

ದೋಣಿಯಲ್ಲಿ ಕೂತು ಯೋಚಿಸುತ್ತಿದ್ದೆ. ವರ್ಷಕ್ಕೊಮ್ಮೆ ಬರುತ್ತೇವೆ. ಬಾಗಿಲು ತೆಗೆದು ಇಣುಕುತ್ತೇವೆ. ಮಾತ್ರೆ ಇದೆ, ಅಕ್ಕಿ ಇದೆ, ದುಡ್ಡಿದೆ, ಎಲ್ಲ ಇದೆ ಬಿಡು ಅಂತ ರೈಲು ಹತ್ತುತ್ತೇವೆ. ನಾವು ಇದ್ದ ನಾಲ್ಕು ದಿನ ಮನೆ ಚೆನ್ನಾಗಿ ನಡೆಯುತ್ತದೆ, ಆದ್ದರಿಂದ ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ.

ಆ ರಾತ್ರಿ ಅಣ್ಣನಿಗೆ ಫೋನು ಮಾಡಿದೆ. ಕರೆದುಕೊಂಡು ಬರುವ ಮಾತು ನಾನು ಎತ್ತಲಿಲ್ಲ, ಎತ್ತುವುದೂ ಇಲ್ಲ ಅಂದೆ. ರಾತ್ರಿಯ ಪ್ರಶ್ನೆ ಇನ್ನೂ ಹಾಗೇ ಇದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಏನ್ಮಾಡೋದು?" ಅಂದ. ಪುಣೆ, ಥಾಣೆ, ಹೈದರಾಬಾದು ಅಂತ ನಾವು ಮೂವರಿದ್ದೇವೆ. ಎರಡು ತಿಂಗಳಿಗೊಬ್ಬರು, ಬಂದರೆ ವಾರವಾದರೂ ಇರುವುದು. ಪಕ್ಕದ ಮನೆಯ ಹುಡುಗನಿಗೆ ಮೋಟಾರು ಕಲಿಸಿ ತಿಂಗಳಿಗಿಷ್ಟು ಕೊಡುವುದು. ಸದ್ಯಕ್ಕೆ ಇಷ್ಟು ಒಪ್ಪಂದವಾಗಿದೆ.

ಹೊರಡುವ ಮೊದಲು ಟ್ಯಾಂಕಿನ ಮೇಲೆ ಬಿಳಿ ಪೈಂಟಿನಲ್ಲಿ ಬರೆದು ಬಂದೆ: "ಓಡಿಸುವಾಗ ತಿರುಪು ಸಡಿಲಿಸಿ." ದೊಡ್ಡಪ್ಪ ಓದಿ ನಕ್ಕರು. ಮುಂದಿನ ಸರದಿ ಅಣ್ಣನದ್ದು. ರೈಲಿನ ಟಿಕೆಟ್ಟು ಆಗಿದೆ.